ಎರಡು ಸುಳಿಯ ಹಸು ಮತ್ತು ನನ್ನ ಮೊದಲ ಮಾತು

ಹೋದ ತಿಂಗಳು ದಿವ್ಯ ಎಂಬ ಹುಡುಗಿ ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದಳು. ನಾನು ನಿವೃತ್ತನಾಗಿ ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂರುವವಳು ಅವಳೇ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಇಟ್ಟುಕೊಂಡಿದ್ದೇವೆ, ಒಂದು ಗಂಟೆ ನೀವು ಬಂದು ಮಾತಾಡಬೇಕು ಎಂದು ಕೇಳಿದಳು. ವಿಷಯ ಏನಮ್ಮ ಎಂದೆ.

"ಪ್ರೆಸೆಂಟೇಶನ್‌ನ ಎಲ್ಲರೂ ಕಿವಿಗೊಡೋ ಹಾಗೆ ಶುರು ಮಾಡೋದು ಹೇಗೆ ಅಂತ ಸರ್."

ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ ನನ್ನ ಹೆಂಡತಿ ಗಿರಿಜ ನಕ್ಕ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ದಿವ್ಯ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಗಿರಿಜ ನಕ್ಕದ್ದು ತಪ್ಪಲ್ಲ. ಶುರು ಮಾಡುವುದರಲ್ಲಿ ನನ್ನಷ್ಟು ಬಗೆಬಗೆಯಾಗಿ ಸೋತವನು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಾರ. ಆದರೂ ಹುಡುಗಿ ಮನೆಬಾಗಿಲಿಗೆ ಬಂದು ಕೇಳಿದ್ದಾಳೆ, ಇಲ್ಲ ಅನ್ನಲಾಗಲಿಲ್ಲ. ಬರೆದು ಕೊಡುತ್ತೇನೆ, ನೀನೇ ಓದಿ ಹೇಳಮ್ಮ ಎಂದೆ. ಕಾಗದದ ಮೇಲಾದರೆ ಕೇಳುವವರು ನಡುವೆ ಎದ್ದು ಹೋದರೂ ನನ್ನ ಕಣ್ಣಿಗೆ ಬೀಳುವುದಿಲ್ಲ, ಅದೊಂದು ಅನುಕೂಲ.

ನನ್ನದು ಹಾಲು ಒಕ್ಕೂಟದಲ್ಲಿ ವಿಸ್ತರಣಾಧಿಕಾರಿಯ ಕೆಲಸ. ದೊಡ್ಡ ಹೆಸರು, ಸಣ್ಣ ಬೈಕು. ಊರೂರಿನ ಡೈರಿಗೆ ಹೋಗಿ, ಹಾಲು ಹಾಕಲು ಬಂದವರನ್ನು ಹಿಡಿದು ಕೂರಿಸಿ, ಮೇವು ಹೇಗೆ ಕೊಡಬೇಕು, ಕೆಚ್ಚಲು ಹೇಗೆ ತೊಳೆಯಬೇಕು, ಲಸಿಕೆ ಯಾಕೆ ಹಾಕಿಸಬೇಕು ಎಂದು ಹೇಳುವುದು. ಇದನ್ನೆಲ್ಲ ಹೇಳುವ ನನ್ನ ಯೋಗ್ಯತೆ ಏನೆಂದರೆ, ನಮ್ಮದು ಕೊಬ್ಬರಿ ವ್ಯಾಪಾರದ ಮನೆತನ. ಅಪ್ಪ ಅರಸೀಕೆರೆ ಮಾರುಕಟ್ಟೆಯಲ್ಲಿ ಮಂಡಿ ಇಟ್ಟಿದ್ದರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ನಾನು ಇವತ್ತಿಗೂ ಹೇಳಬಲ್ಲೆ. ಹಸುವಿನ ವಿಷಯ ಮಾತ್ರ ಪುಸ್ತಕದಲ್ಲಿ ಓದಿದ್ದು. ನಮ್ಮ ಮನೆಯಲ್ಲಿ ಹಸು ಇರಲಿಲ್ಲ, ಹಾಲು ತಂಬಿಗೆಯಲ್ಲಿ ಬರುತ್ತಿತ್ತು.

ಮೊದಲ ಭಾಷಣ ಹಾರನಹಳ್ಳಿಯಲ್ಲಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಿದ್ದವನು, ಬಿಡುತ್ತೇನೆಯೇ? ಗೋವಿನ ಮೇಲೆ ಒಂದು ಸಂಸ್ಕೃತ ಶ್ಲೋಕ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದಾದ ಮೇಲೆ ವೇದಿಕೆಯಲ್ಲಿದ್ದ ಅಧ್ಯಕ್ಷರು, ಉಪಾಧ್ಯಕ್ಷರು, ನಿರ್ದೇಶಕರು, ಊರಿನ ಹಿರಿಯರು, ಶಾಲೆಯ ಮೇಷ್ಟ್ರು, ಮೈಕ್ ಕೊಟ್ಟವರು, ಹೀಗೆ ಎಲ್ಲರನ್ನೂ ಹೆಸರು ಹಿಡಿದು ಸಂಬೋಧಿಸಿದೆ. ಒಬ್ಬ ನಿರ್ದೇಶಕರ ಹೆಸರು ಬಿಟ್ಟುಹೋಯಿತು. ಅವರು ಹೆಗಲ ಮೇಲಿನ ಟವೆಲು ಕೊಡವಿ ಕೆಳಗಿಳಿದರು. ಅವರನ್ನು ಸಮಾಧಾನ ಮಾಡಿ ಕರೆತರಲು ಅಧ್ಯಕ್ಷರು ಹೋದರು. ಅಧ್ಯಕ್ಷರಿಲ್ಲದೆ ಭಾಷಣ ಮುಂದುವರಿಸುವುದು ಸರಿಯಲ್ಲವೆಂದು ನಾನು ಕಾದೆ. ಅಷ್ಟರಲ್ಲಿ ಹಾಲು ಕರೆಯುವ ಹೊತ್ತಾಯಿತು. ಹಸುವಿಗೆ ಭಾಷಣ ಗೊತ್ತಿಲ್ಲ, ಹೊತ್ತು ಗೊತ್ತು. ಎಲ್ಲರೂ ಎದ್ದರು. ನಾನು ಅಂದು ಹೇಳಬೇಕಾಗಿದ್ದ ವಿಷಯ ಏನು ಎಂಬುದು ಹಾರನಹಳ್ಳಿಯವರಿಗೆ ಇವತ್ತಿಗೂ ತಿಳಿಯದು.

ಆಗ ನನ್ನ ಮೇಲಧಿಕಾರಿ ಮರುಳಸಿದ್ದಪ್ಪನವರು. ದಪ್ಪ ಮೀಸೆಯ, ದೊಡ್ಡ ದನಿಯ ಮನುಷ್ಯ. ನನ್ನ ಕಥೆ ಕೇಳಿ ಅವರು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು, ಉಪದೇಶ ಕೊಟ್ಟರು. "ಮೊದಲ ಮಾತಿಗೇ ಜನ ನಗಬೇಕು ಕಣಯ್ಯ. ನಕ್ಕವನು ಎದ್ದು ಹೋಗಲ್ಲ." ಅವರ ಹತ್ತಿರ ಒಂದೇ ಒಂದು ನಗೆಹನಿ ಇತ್ತು. ಒಬ್ಬ ಸಂತೆಯಲ್ಲಿ ಹಸು ಕೊಳ್ಳುತ್ತಾನೆ. ಇದು ಒದೆಯುತ್ತಾ ಎಂದು ಕೇಳಿದರೆ, ನಮ್ಮ ಮನೆಯಲ್ಲಿ ಒಂದು ದಿನವೂ ಒದ್ದಿಲ್ಲ ಎಂದು ಮಾರುವವನು ಆಣೆ ಇಡುತ್ತಾನೆ. ಮನೆಗೆ ತಂದು ಕರೆಯಲು ಕೂತರೆ ಒಂದೇ ಒದೆತಕ್ಕೆ ಕೊಂಡವನು ಬೇಲಿ ದಾಟಿ ಬೀಳುತ್ತಾನೆ. ಹೋಗಿ ಜಗಳ ತೆಗೆದರೆ ಮಾರಿದವನು ಹೇಳುತ್ತಾನೆ: ನಮ್ಮ ಮನೆಯಲ್ಲಿ ನಾವು ಯಾವತ್ತೂ ಕರೆದೇ ಇಲ್ಲವಲ್ಲ.

ಈ ನಗೆಹನಿಯನ್ನು ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಒಂದು ಊರಿಗೆ ಹೋದೆ. ಮರುಳಸಿದ್ದಪ್ಪನವರು ಆ ಊರಿನಲ್ಲಿ ಅದನ್ನು ಆಗಲೇ ಹಲವು ಸಲ ಹೇಳಿ ಮುಗಿಸಿದ್ದರೆಂದು ನನಗೆ ಹೇಗೆ ಗೊತ್ತಾಗಬೇಕು? ಸಂತೆಯಲ್ಲಿ ಒಬ್ಬ ಹಸು ಕೊಂಡ ಎನ್ನುತ್ತಿದ್ದಂತೆ ಮುಂದಿನ ಸಾಲಿನ ಅಜ್ಜ ಕೊನೆಯ ಮಾತನ್ನು ಹೇಳಿಬಿಟ್ಟ. ಜನ ನಕ್ಕರು, ಅಜ್ಜನಿಗಾಗಿ. ನಾನು ಪೆಚ್ಚಾಗಿ ನಿಂತಿದ್ದನ್ನು ಕಂಡು ಅಜ್ಜನಿಗೆ ಪಾಪ ಅನ್ನಿಸಿರಬೇಕು. ಆ ಸಾಹೇಬರು ಕಾಲು ಝಾಡಿಸಿ ತೋರಿಸುತ್ತಿದ್ದರು, ನೀವೂ ತೋರಿಸಿ ಎಂದು ಹುರಿದುಂಬಿಸಿದ. ನಾನು ಝಾಡಿಸಿದೆ. ಚಪ್ಪಲಿ ಕಾಲಿನಿಂದ ಬಿಟ್ಟು, ಮೇಜಿನ ಮೇಲೆ ಹಾರ ಹಣ್ಣು ಇಟ್ಟಿದ್ದ ತಟ್ಟೆಯೊಳಗೆ ಹೋಗಿ ಕೂತಿತು. ಆ ಹಾರ ನನಗೆಂದೇ ತಂದಿದ್ದು. ಕಾರ್ಯಕ್ರಮದ ಕೊನೆಗೆ ಅದನ್ನೇ ನನ್ನ ಕೊರಳಿಗೆ ಹಾಕಿದರು. ಮಾಡಿದ್ದುಣ್ಣೋ ಮಹರಾಯ.

ಆಮೇಲೆ ನಮ್ಮನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಮಾತನ್ನು ಯಾವಾಗಲೂ ಪ್ರಶ್ನೆಯಿಂದ ಶುರು ಮಾಡಿ, ಕೇಳುಗರಿಂದ ಕೈ ಎತ್ತಿಸಿ, ಆಗ ಅವರೂ ನಿಮ್ಮ ಮಾತಿನಲ್ಲಿ ಪಾಲುದಾರರಾಗುತ್ತಾರೆ ಎಂದು ಅಲ್ಲಿ ಹೇಳಿಕೊಟ್ಟರು. ಒಳ್ಳೆಯ ಮಾತು. ನೇರ ಬಿಕ್ಕೋಡಿಗೆ ಹೋಗಿ ಪ್ರಯೋಗ ಮಾಡಿದೆ. ಕಾಫಿ ತೋಟದ ಕೆಲಸ ಮುಗಿಸಿಕೊಂಡು ಬಂದವರೇ ಹೆಚ್ಚಾಗಿ ಕೂತಿದ್ದರು. "ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಹಸು ಇದೆ? ಕೈ ಎತ್ತಿ" ಎಂದೆ. ಒಂದು ಕೈಯೂ ಮೇಲೇಳಲಿಲ್ಲ. ಹಾಲಿನ ಕ್ಯಾನು ಮಡಿಲಲ್ಲಿ ಇಟ್ಟುಕೊಂಡೇ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಎರಡನೇ ಸಲ ಕೇಳಿದೆ. ಮುಂದೆ ಕೂತಿದ್ದವರೊಬ್ಬರು ನಮ್ಮ ಮನೆಯಲ್ಲಿ ಹಸುವೇ ಇಲ್ಲ ಎಂದರು. ಅವರು ಗೋಡೆಯ ಆಚೆ ಕಟ್ಟಿ ಬಂದಿದ್ದ ಹಸು ಅದೇ ಹೊತ್ತಿಗೆ ಅಂಬಾ ಎಂದಿತು. ಅದು ಯಾರದ್ದೋ ಎಂದರು. ಹಸು ಎಣಿಸಿಕೊಂಡು ಹೋಗಿ ಬಿಪಿಎಲ್ ಕಾರ್ಡು ಕಿತ್ತುಕೊಳ್ಳಲು ಬಂದವನು ನಾನೆಂದು ಅವರೆಲ್ಲ ತಿಳಿದಿದ್ದರೆಂದು ಕಾರ್ಯದರ್ಶಿ ಆಮೇಲೆ ಕಿವಿಯಲ್ಲಿ ಹೇಳಿದ. ಹಸುವೇ ಇಲ್ಲದ ಊರಿನಲ್ಲಿ ಹಸುವಿನ ಬಗ್ಗೆ ಇನ್ನೇನು ಮಾತಾಡಲಿ, ನಮಸ್ಕಾರ ಹೇಳಿ ಬಂದೆ.

ಬೇಲೂರಿನ ಕಥೆ ಒಂದೇ ಸಾಲಿನದು. ಊರಿನ ಹೆಮ್ಮೆಯಿಂದ ಆರಂಭಿಸಬೇಕೆಂದು ಯಾರೋ ಹೇಳಿದ್ದರಿಂದ ಶಿಲಾಬಾಲಿಕೆಯರಿಂದ ಆರಂಭಿಸಿದೆ, ಅಲ್ಲಿಂದ ಹಸುವಿನ ಕೆಚ್ಚಲು ಬಾವಿನ ರೋಗಕ್ಕೆ ಇಳಿಯಲು ದಾರಿ ಸಿಗದೆ ಬಹಳ ಹೊತ್ತು ಅವರ ಜೊತೆಯಲ್ಲೇ ನಿಂತುಬಿಟ್ಟೆ.

ಇಷ್ಟೆಲ್ಲ ಆದಮೇಲೆ ಕಚೇರಿಗೆ ಪ್ರೊಜೆಕ್ಟರ್ ಬಂತು. ನನಗೆ ಹೋದ ಜೀವ ಬಂದಂತಾಯಿತು. ಇನ್ನು ಮೊದಲ ಮಾತು ನಾನು ಆಡಬೇಕಾಗಿಲ್ಲ, ಮೊದಲ ಚಿತ್ರ ಆಡುತ್ತದೆ. ಲ್ಯಾಪ್‌ಟಾಪು, ಪ್ರೊಜೆಕ್ಟರು, ಪರದೆಗೆಂದು ಒಂದು ಬಿಳಿ ಪಂಚೆ, ಎಲ್ಲವನ್ನೂ ಬೈಕಿಗೆ ಕಟ್ಟಿಕೊಂಡು ಓಡಾಡಿದೆ. ನನ್ನ ಕೆಲಸದ ಅತಿ ದೊಡ್ಡ ಪೇಚು ಆಗಿದ್ದು ಈ ಕಾಲದಲ್ಲೇ. ಮೇಲಿನವೆಲ್ಲ ಅದರ ಮುಂದೆ ಏನೂ ಅಲ್ಲ.

ಮಾದಿಹಳ್ಳಿಯ ಪಕ್ಕದ ಒಂದು ಸಣ್ಣ ಊರು. ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲೊಬ್ಬರು ಅಜ್ಜಿ ನನ್ನನ್ನು ಬೈಯುತ್ತಾರೆ. ಅಲ್ಲಿನದು ಹೆಂಗಸರೇ ನಡೆಸುವ ಹಾಲಿನ ಸಂಘ. ಕಾರ್ಯದರ್ಶಿ ಸಾವಿತ್ರಮ್ಮ. ಚುರುಕಿನ ಹೆಣ್ಣುಮಗಳು, ಲೆಕ್ಕದಲ್ಲಿ ಪಕ್ಕಾ, ಮಾತಿನಲ್ಲಿ ನೇರ. ಆ ವರ್ಷ ಹಳೇಬೀಡಿನ ಕಡೆಯ ಊರುಗಳಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತ್ತು. ಹಸುಗಳ ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಹುಣ್ಣಾಗಿ, ಮೇವು ಮುಟ್ಟದೆ ಜೊಲ್ಲು ಸುರಿಸುತ್ತಾ ನಿಲ್ಲುವ ಜಾಡ್ಯ. ಹಾಲು ನಿಂತುಹೋಗುತ್ತದೆ, ಎಷ್ಟೋ ಹಸು ಮತ್ತೆ ಮೊದಲಿನಂತೆ ಆಗುವುದೇ ಇಲ್ಲ. ಲಸಿಕೆಯ ಗಾಡಿ ಆ ಊರಿಗೆ ಹಿಂದೊಮ್ಮೆ ಬಂದು ತುಂಬಿದ ಪೆಟ್ಟಿಗೆಯೊಂದಿಗೇ ಹಿಂತಿರುಗಿತ್ತು. ಯಾರೂ ಹಸು ತಂದಿರಲಿಲ್ಲ.

ತರದಿರಲು ಕಾರಣ ಸಾವಿತ್ರಮ್ಮನ ಮನೆಯಲ್ಲೇ ಇತ್ತು. ಅವರ ಅತ್ತೆ ನಿಂಗಜ್ಜಿ ತಮ್ಮ ಹಸುವಿಗೆ ಸೂಜಿ ಹಾಕಿಸಲು ಸುತರಾಂ ಒಪ್ಪುತ್ತಿರಲಿಲ್ಲ. ಸೂಜಿ ಹಾಕಿದರೆ ಹಾಲು ಬತ್ತುತ್ತದೆ ಎಂಬುದು ಅವರ ವಾದ. ಕಾರ್ಯದರ್ಶಿ ಮನೆಯ ಹಸುವೇ ಹೊರಗೆ ಬರುವುದಿಲ್ಲ, ನಮಗೇನು ಬಂತು ಎಂದು ಊರಿನವರೂ ಕೈಕಟ್ಟಿ ಕೂತಿದ್ದರು. ಆ ಹಸುವನ್ನು ನಿಂಗಜ್ಜಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮೈತೊಳೆಯುವುದು ಅವರೇ, ಕರೆಯುವುದು ಅವರೇ. ಹಣೆಯ ತುಂಬ ಗಟ್ಟಿಯಾಗಿ ಅರಿಶಿನ ಮೆತ್ತಿ, ಮೇಲೆ ಅಗಲ ಕುಂಕುಮ ಇಟ್ಟು, ಹಿತ್ತಲ ಕೊಟ್ಟಿಗೆಯಲ್ಲಿ ದೇವರಂತೆ ಕಟ್ಟಿಹಾಕಿದ್ದರು.

"ಇಷ್ಟು ವರ್ಸ ಸಂಸಾರ ಮಾಡಿದೀನಿ ಸಾ, ಇನ್ನೂ ಆ ಹಸಿನ ಹಗ್ಗ ನನ್ ಕೈಗೆ ಕೊಟ್ಟಿಲ್ಲ ನಮ್ಮತ್ತೆ" ಎಂದಿದ್ದರು ಸಾವಿತ್ರಮ್ಮ ಒಂದು ಸಲ. ನಗುತ್ತಲೇ ಹೇಳಿದ್ದು, ಆದರೆ ನೋವು ಕಾಣುತ್ತಿತ್ತು.

ಈಗ ಗಾಡಿ ಮತ್ತೆ ಬರುವುದಿತ್ತು. ಈ ಸಲವೂ ಹಸು ಬರದಿದ್ದರೆ ಬೇಕೆನ್ನುವ ಊರಿಗೆ ಹೋಗುತ್ತೇವೆ, ಜಾಡ್ಯ ಮನೆಬಾಗಿಲಿಗೆ ಬಂದಮೇಲೆ ನಮ್ಮನ್ನು ಕೇಳಬೇಡಿ ಎಂದು ಪಶುವೈದ್ಯರು ಖಂಡಿತವಾಗಿ ಹೇಳಿಬಿಟ್ಟಿದ್ದರು. ಸಾವಿತ್ರಮ್ಮ ನನಗೆ ಫೋನ್ ಮಾಡಿದರು. ಗಾಡಿ ಬರುವ ಹಿಂದಿನ ಸಂಜೆ ನೀವು ಬಂದು ಮಾತಾಡಬೇಕು, ಮನೆಮನೆಗೆ ಹೋಗಿ ಜನ ಸೇರಿಸುತ್ತೇನೆ, ಅತ್ತೆಯನ್ನೂ ಹೇಗಾದರೂ ಕರೆತರುತ್ತೇನೆ ಎಂದರು. ಕೊನೆಗೆ ಒಂದು ಮಾತು ಸೇರಿಸಿದರು: "ಮೊದಲ್ನೇ ಮಾತಿಗೇ ಹಿಡೀಬೇಕು ಸಾ. ಇಲ್ದಿದ್ರೆ ಎದ್ದೋಯ್ತಾರೆ." ನನ್ನ ಕೀರ್ತಿ ಅಲ್ಲಿಗೂ ತಲುಪಿತ್ತು.

ನಾನು ಇಂಟರ್ನೆಟ್ಟಿನಲ್ಲಿ ಗಂಟೆಗಟ್ಟಲೆ ಹುಡುಕಿ ಒಂದು ಹಸುವಿನ ಚಿತ್ರ ಆರಿಸಿದೆ. ಯಾವುದೋ ಶೀತದೇಶದ ಹಸು. ಹಸಿರು ಹುಲ್ಲುಗಾವಲು, ಕಪ್ಪುಬಿಳುಪು ಮೈ, ಕುಂಬಳಕಾಯಿಯಂಥ ಕೆಚ್ಚಲು, ನೇರ ನಮ್ಮನ್ನೇ ನೋಡುವ ಮುಖ. ಕ್ಯಾಲೆಂಡರಿನ ಲಕ್ಷ್ಮಿ ಕೂಡ ಅದರ ಮುಂದೆ ಸಪ್ಪೆ. ಅಕ್ಷರ ಒಂದೂ ಬೇಡ, ಇದೊಂದನ್ನೇ ಮೊದಲು ತೋರಿಸಿ ಸುಮ್ಮನೆ ನಿಲ್ಲುವುದು ಎಂದು ತೀರ್ಮಾನಿಸಿದೆ.

ಸಂಜೆ ಹಾಲು ಅಳೆದು ಮುಗಿದ ಮೇಲೆ ಡೈರಿಯ ಕೋಣೆಯಲ್ಲಿ ಹೆಂಗಸರು ಕ್ಯಾನು ಪಕ್ಕಕ್ಕಿಟ್ಟು ಕೂತರು. ನಿಂಗಜ್ಜಿ ಮುಂದಿನ ಸಾಲಿನಲ್ಲೇ ಗೋಡೆಗೆ ಒರಗಿದ್ದರು. ಸಣ್ಣ ಮೈ, ಚೂಪು ಕಣ್ಣು. ದೀಪ ಆರಿಸಿ, ಪಂಚೆಯ ಮೇಲೆ ಹಸುವನ್ನು ಮೂಡಿಸಿದೆ.

ಕೋಣೆ ನಿಶ್ಶಬ್ದವಾಯಿತು. ನಿಜವಾಗಿ ನಿಶ್ಶಬ್ದ. ಅಷ್ಟು ವರ್ಷದ ಕೆಲಸದಲ್ಲಿ ಅಂಥ ಮೌನ ನನಗೆ ಸಿಕ್ಕಿರಲಿಲ್ಲ. ಗೆದ್ದೆ ಅಂದುಕೊಂಡೆ. ಮರುಳಸಿದ್ದಪ್ಪನವರು ಇದ್ದಿದ್ದರೆ ನೋಡಬೇಕಾಗಿತ್ತು ಅಂದುಕೊಂಡೆ. ಬಂದ ಮೌನವನ್ನು ಬೇಗ ಬಿಡಲು ಮನಸ್ಸಾಗದೆ, ಕಣ್ಣು ತುಂಬ ನೋಡಿ ಎಂದೆ. ಅದು ಸಾಲದೆಂದು ಗುಂಡಿ ಒತ್ತಿ ಹಸುವಿನ ಮುಖವನ್ನು ಇಡೀ ಪಂಚೆಯಗಲ ಹಿಗ್ಗಿಸಿದೆ. ಆಮೇಲೆ ಹೇಳಿದೆ: "ನಾಳೆ ನೀವೆಲ್ಲ ಹಸು ತಂದು ಸೂಜಿ ಹಾಕಿಸಿದರೆ, ಮುಂದೆ ನಿಮ್ಮ ಪ್ರತಿಯೊಬ್ಬರ ಮನೆಯಲ್ಲೂ ಇಂಥದ್ದೇ ಒಂದು ಹಸು ಇರುತ್ತೆ."

ಕತ್ತಲಲ್ಲಿ ಯಾರೋ ಶಿವ ಶಿವ ಎಂದರು. ಒಬ್ಬಾಕೆ ಕ್ಯಾನು ಎತ್ತಿಕೊಂಡು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಸೆರಗು ಕೊಡವುವ ಸದ್ದು, ಕ್ಯಾನುಗಳ ಸದ್ದು. ನಿಂಗಜ್ಜಿಯೂ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋಗಿಬಿಟ್ಟರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಮುಖದಂತೆ ಇತ್ತು, ಅದು ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಸಾವಿತ್ರಮ್ಮ ಓಡಿ ಬಂದು ನನ್ನ ಪಕ್ಕ ನಿಂತರು. "ಅದರ ಹಣೆ ನೋಡಿದ್ರಾ ಸಾ ನೀವು? ಜೋಡಿ ಸುಳಿ ಐತೆ."

ನೋಡಿದೆ. ಹಣೆಯ ನಡುವೆ ಕೂದಲು ಸುತ್ತಿಕೊಂಡು ಸುಳಿಯಾಗಿರುತ್ತದಲ್ಲ, ಸಾಮಾನ್ಯ ಹಸುವಿಗೆ ಅದು ಒಂದೇ. ಈ ಪುಣ್ಯಾತ್ಗಿತ್ತಿಗೆ ಅಕ್ಕಪಕ್ಕ ಎರಡು. ನಾನೇ ಕೈಯಾರ ಹಿಗ್ಗಿಸಿದ್ದೆನಲ್ಲ, ಒಂದೊಂದು ಸುಳಿಯೂ ಮೊರದಗಲ ಕಾಣುತ್ತಿತ್ತು. ಈ ಸೀಮೆಯಲ್ಲಿ ಹಸು ಕೊಳ್ಳಲು ಹೋದವರು ಕೆಚ್ಚಲು ನೋಡುವುದಕ್ಕೆ ಮುಂಚೆ ಸುಳಿ ನೋಡುತ್ತಾರೆಂದು ನನಗೆ ಗೊತ್ತಿತ್ತು. ಯಾವ ಸುಳಿಗೆ ಏನು ಫಲ ಎಂದು ಕೊಬ್ಬರಿ ಮನೆಯ ಹುಡುಗನಿಗೆ ಯಾರು ಹೇಳಿಕೊಡಬೇಕು?

"ಜೋಡಿ ಸುಳಿ ಹಸ ಮನೇಲಿದ್ರೆ ಯಜಮಾನಂಗೆ ಎರಡ್ನೇ ಮದುವೆ ಅಂತಾರೆ" ಎಂದರು ಸಾವಿತ್ರಮ್ಮ. "ಎರಡ್ನೇ ಮದುವೆ ಆಗ್ಬೇಕು ಅಂದ್ರೆ ಮೊದಲ್ನೇ ಹೆಂಡ್ತಿ ಏನಾಗಿರ್ಬೇಕು, ನೀವೇ ಯೋಚ್ನೆ ಮಾಡಿ."

ಕೋಣೆಯ ತುಂಬ ಮೊದಲನೇ ಹೆಂಡತಿಯರೇ ಇದ್ದರು. ಅವರಿಗೆಲ್ಲ ನಾನು ತಲಾ ಒಂದೊಂದು ಜೋಡಿ ಸುಳಿಯ ಹಸುವಿನ ಭರವಸೆ ಕೊಟ್ಟಿದ್ದೆ. ಅದೂ ಲಸಿಕೆಯ ಫಲವಾಗಿ.

ಪೇಚಿಗೆ ಸಿಕ್ಕಾಗ ತಲೆ ಕೆರೆದುಕೊಳ್ಳುವುದು ನನ್ನ ಹಳೆಯ ಚಾಳಿ. ಕೈ ನೆತ್ತಿಗೆ ಹೋಯಿತು, ಅಲ್ಲೇ ನಿಂತಿತು. ನನ್ನ ತಲೆಯಲ್ಲೂ ಎರಡು ಸುಳಿ. ಹುಟ್ಟಿನಿಂದಲೇ. ಎರಡು ಸುಳಿಯವನಿಗೆ ಎರಡು ಮದುವೆ ಎಂಬ ಮಾತು ಮನುಷ್ಯರಿಗೂ ಇದೆಯಲ್ಲ, ನಮ್ಮಮ್ಮ ಇದೇ ಚಿಂತೆಯಲ್ಲಿ ಸೊರಗಿದ್ದರು. ಹೆಣ್ಣು ನೋಡಲು ಹೋದ ದಿನ ಅಂಗೈತುಂಬ ಕೊಬ್ಬರಿ ಎಣ್ಣೆ ಸುರಿದು, ಕೂದಲು ಮೇಲೇಳದಂತೆ ಅಂಟಿಸಿ ಬಾಚಿದ್ದರು. ಮನೆಯಲ್ಲಿ ಎಣ್ಣೆಗೇನು ಬರ ಇರಲಿಲ್ಲ.

ಪ್ರೊಜೆಕ್ಟರ್ ಆರಿಸಿ ದೀಪ ಹಾಕಿದೆ. ಏನು ಹೇಳಬೇಕೆಂದು ತಿಳಿಯದೆಯೇ ಬಾಯಿಬಿಟ್ಟೆ.

"ತಾಯಂದಿರೇ, ಒಂದು ನಿಮಿಷ ನಿಲ್ಲಿ. ಆ ಹಸು ಹಾಳಾಗಿ ಹೋಗಲಿ, ನನ್ನ ತಲೆ ನೋಡಿ."

ಹೇಳಿ, ಹಾಯಲು ನಿಂತ ಹೋರಿಯಂತೆ ತಲೆ ಬಗ್ಗಿಸಿದೆ. ನನ್ನ ವೃತ್ತಿಜೀವನದಲ್ಲಿ ಯಾವ ತರಬೇತಿಯೂ ಇದನ್ನು ಹೇಳಿಕೊಟ್ಟಿರಲಿಲ್ಲ. ಆಮೇಲೆ ಧೈರ್ಯಸ್ಥೆ ಒಬ್ಬಾಕೆ ಹತ್ತಿರ ಬಂದು, ಮೊಬೈಲ್ ಟಾರ್ಚು ಬಿಟ್ಟು, ನೆತ್ತಿಯನ್ನು ಪರೀಕ್ಷೆ ಮಾಡಿದಳು. "ಊ ಕಣ್ರೇ, ಎರಡವೆ" ಎಂದು ಬಾಗಿಲ ಕಡೆಗೆ ಸಾರಿದಳು. ಹೋದವರು ಹಿಂತಿರುಗಿ ಬಂದರು. ನಿಮಗೆ ಎಷ್ಟು ಮದುವೆ ಎಂದು ಕೇಳಿದರು. ಒಂದೇ ಎಂದೆ. ಅವರು ಇದ್ದಾರಾ ಎಂದರು. ಇದ್ದಾಳೆ, ಚೆನ್ನಾಗಿದ್ದಾಳೆ ಎಂದೆ. ಗಂಡಸರ ಮಾತು ಯಾರು ನಂಬುತ್ತಾರೆ, ಫೋನ್ ಹಚ್ಚಿ ಎಂದರು. ಹಚ್ಚಿದೆ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

ಗಿರಿಜ ಫೋನ್ ಎತ್ತಿದವಳೇ ಹಲೋ ಕೂಡ ಅನ್ನಲಿಲ್ಲ. "ಏನು, ಇವತ್ತೂ ಜನ ಎದ್ದು ಹೋದ್ರಾ?"

ಆ ನಗುವನ್ನು ಹೇಗೆ ಬರೆಯಲಿ? ಕ್ಯಾನುಗಳು ಉರುಳಿದವು. ನಗು ನಿಂತಮೇಲೆ ಗಿರಿಜಳಿಗೆ ವಿಷಯ ಹೇಳಿದೆ, ನೀನು ಬದುಕಿದ್ದೀಯೋ ಇಲ್ಲವೋ ಎಂದು ಈ ಊರಿನವರು ಕೇಳುತ್ತಿದ್ದಾರೆ ಎಂದೆ.

"ಬದುಕಿದೀನಿ ಅಂತ ಹೇಳಿ. ಎರಡನೆಯವಳು ಅಲ್ಲಿ ಯಾರಾದ್ರೂ ಸಿಕ್ಕಿದ್ರೆ ಜೊತೆಗೇ ಕರ್ಕೊಂಡು ಬನ್ನಿ. ಪಾತ್ರೆ ತೊಳೆಯೋಕೆ ಒಬ್ಬರು ಬೇಕಾಗಿತ್ತು."

ಹೀಗೆ ನನ್ನ ಭಾಷಣ ಶುರುವಾಯಿತು. ಅಂದರೆ, ನನ್ನ ಹೆಂಡತಿ ಶುರು ಮಾಡಿಕೊಟ್ಟಳು. ಎಲ್ಲರೂ ಕೂತರು. ಚಿತ್ರವಿಲ್ಲದೆ, ಶ್ಲೋಕವಿಲ್ಲದೆ ಕಾಲುಬಾಯಿ ಜ್ವರದ ವಿಷಯ ಹೇಳಿದೆ. ಸೂಜಿ ಹಾಕಿದ ಮೇಲೆ ಕೆಲವು ಹಸುವಿಗೆ ಮೈ ಬಿಸಿಯಾಗಬಹುದು, ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು ಎಂಬುದನ್ನೂ ಮುಚ್ಚಿಡದೆ ಹೇಳಿದೆ. ನಿಂಗಜ್ಜಿ ಮಾತ್ರ ಕೂರಲಿಲ್ಲ. ಬಾಗಿಲಿಗೆ ಒರಗಿಕೊಂಡೇ ಕೊನೆಯವರೆಗೂ ಕೇಳಿದರು. ಎಲ್ಲ ಮುಗಿದ ಮೇಲೆ ಲಸಿಕೆಗೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಹಾಕಿದರು.

"ನಿಮ್ ಎಡ್ತಿಗೆ ಲಗ್ನಕ್ಕೆ ಮುಂಚೆ ಸುಳಿ ಇಚಾರ ಗೊತ್ತಿತ್ತಾ?"

ಇಲ್ಲ ಅಜ್ಜಿ, ನಮ್ಮಮ್ಮ ಎಣ್ಣೆ ಹಚ್ಚಿ ಮುಚ್ಚಿದ್ದರು ಎಂದೆ.

"ಆಮೇಕೆ ಗೊತ್ತಾದಾಗ ಏನಂದ್ರು?"

ಏನೂ ಅನ್ನಲಿಲ್ಲ, ಮೊದಲ ದೀಪಾವಳಿಗೆ ತಲೆಗೆ ಎಣ್ಣೆ ಒತ್ತುವಾಗ ನೋಡಿ ನಕ್ಕಳು ಎಂದೆ. ಅಜ್ಜಿ ನನ್ನ ನೆತ್ತಿಯನ್ನು ಇನ್ನೊಮ್ಮೆ ನೋಡಿ ಹೊರಟುಹೋದರು. ನಾನು ಸಾವಿತ್ರಮ್ಮನ ಮುಖ ನೋಡಿದೆ, ಅವರು ಕೈಚೆಲ್ಲಿದರು. ನಗಿಸುವುದೇನೋ ನಗಿಸಿದೆ, ಆದರೆ ನಕ್ಕವರು ಹಸು ತರುತ್ತಾರೆಂದು ಮರುಳಸಿದ್ದಪ್ಪನವರು ಎಲ್ಲೂ ಹೇಳಿರಲಿಲ್ಲ.

ಬೆಳಗ್ಗೆ ಲಸಿಕೆಯ ಗಾಡಿ ಬಂದು ಡೈರಿಯ ಮುಂದಿನ ಬೇವಿನ ಮರದ ಕೆಳಗೆ ನಿಂತಿತು. ನಾನೂ ಅರಸೀಕೆರೆಯಿಂದ ಬೇಗ ಹೊರಟು ಬಂದಿದ್ದೆ. ಹೆಂಗಸರು ಹಾಲು ತಂದರು, ಅಳೆಸಿದರು, ನನ್ನ ತಲೆ ನೋಡಿ ನಕ್ಕರು. ಹಸು ಮಾತ್ರ ಒಂದೂ ಇಲ್ಲ. ಎಲ್ಲರ ಕಣ್ಣು ಸಾವಿತ್ರಮ್ಮನ ಮನೆಯ ಓಣಿಯ ಕಡೆಗೇ. ಡಾಕ್ಟರು ಗಡಿಯಾರ ನೋಡಿಕೊಂಡರು. ಸಾವಿತ್ರಮ್ಮ ಹಾಲು ಅಳೆಯುತ್ತಿದ್ದರು, ತಲೆ ಎತ್ತಲಿಲ್ಲ. ಜಾಡ್ಯ ಇನ್ನು ಎಷ್ಟು ದೂರ ಇದೆ, ಈ ಜನ ಏನು ಮಾಡುತ್ತಾರೆ ಎಂದು ನಿಜವಾಗಿ ಹೆದರಿದ್ದೆ.

ಆಗ ಓಣಿಯ ತಿರುವಿನಲ್ಲಿ ನಿಂಗಜ್ಜಿ ಕಂಡರು. ಹಿಂದೆ ಹಗ್ಗದಲ್ಲಿ ಹಸು. ಮೈತೊಳೆದು ತಂದಿದ್ದರು, ಇನ್ನೂ ನೀರು ಸೋರುತ್ತಿತ್ತು. ಹಣೆಯಲ್ಲಿ ಅರಿಶಿನ ಇಲ್ಲ, ಕುಂಕುಮ ಇಲ್ಲ. ಒದ್ದೆ ಕೂದಲು ಅಕ್ಕಪಕ್ಕ ಎರಡು ಸುಳಿಯಾಗಿ ಸುತ್ತಿಕೊಂಡು, ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು.

ನಿನ್ನೆಯಂಥದ್ದೇ ಮೌನ ಆಯಿತು. ಈ ಸಲ ನನಗೂ ಅದರ ಅರ್ಥ ಗೊತ್ತಿತ್ತು. ಅವರು ಇಷ್ಟು ವರ್ಷ ಅರಿಶಿನ ಮೆತ್ತಿ, ಹಾಲು ಬತ್ತುತ್ತದೆಂಬ ನೆಪ ಹೇಳಿ ಮುಚ್ಚಿಟ್ಟದ್ದನ್ನು ನಾನು ಪಂಚೆಯ ಮೇಲೆ ಹಿಗ್ಗಿಸಿ ಊರಿಗೆಲ್ಲ ತೋರಿಸಿದಾಗ, ತಮ್ಮ ಹಸುವನ್ನೇ ಬಯಲಿಗೆ ಎಳೆದರು ಅಂದುಕೊಂಡಿರಬೇಕು ಅಜ್ಜಿ. ಅವರು ಯಾರ ಕಡೆಗೂ ನೋಡದೆ ಹಸುವನ್ನು ಮರದ ಕೆಳಗೆ ತಂದು ನಿಲ್ಲಿಸಿದರು. ನನ್ನನ್ನು ಕೇಳಿದರು.

"ನಿಮ್ ಎಡ್ತಿ ಗಟ್ಟಿಯಾಗವ್ರಾ?"

ನಿನ್ನೆ ನೀವೇ ಅವಳ ಮಾತು ಕೇಳಿದಿರಲ್ಲ ಅಜ್ಜಿ ಎಂದೆ.

"ನಿನ್ನೇದು ನಿನ್ನೇಗಾಯ್ತು. ಇವತ್ತು?"

"ಇವತ್ತೂ ಬೆಳಗ್ಗೆ ಬೈದೇ ಕಳಿಸಿದಾಳೆ."

"ಅಂಗಾದ್ರೆ ಆಕಿ ಸೂಜಿಯ."

ಸಾವಿತ್ರಮ್ಮ ಅಳತೆಯ ಪಾತ್ರೆ ಕೆಳಗಿಟ್ಟು ಬಂದಿದ್ದರು. ಹಸುವಿನ ಹಣೆ ನೋಡಿದರು, ಅತ್ತೆಯ ಮುಖ ನೋಡಿದರು. ಆ ಮನೆಯ ಯಜಮಾನನ ಮೊದಲನೇ ಹೆಂಡತಿ ಅವರೇ ಅಲ್ಲವೇ? ನಿಂಗಜ್ಜಿಗೆ ಸೊಸೆಯ ಮುಖ ನೋಡಲಾಗಲಿಲ್ಲ. ಹಸುವಿನ ಬೆನ್ನು ಸವರುತ್ತಾ, ಅದಕ್ಕೇ ಹೇಳುವಂತೆ ಹೇಳಿದರು.

"ನೀನು ಎದ್ರುಕೊಂಡೀಯ ಅಂತ ಮುಚ್ಚಿದ್ದೆ ಕಣವ್ವ. ಮನೇಲೇ ಉಟ್ಟಿದ್ದು. ಮಾರಾಕೆ ಮನ್ಸು ಬರ್ನಿಲ್ಲ."

ಸಾವಿತ್ರಮ್ಮ ಹಗ್ಗಕ್ಕೆ ಕೈಚಾಚಿದರು. "ಇದು ಹುಟ್ಟಿದ ಮೇಲೆ ನಾನು ಎರಡು ಮಕ್ಕಳು ಹೆತ್ತೀನಿ ಕಣತ್ತೆ. ಏನಾಗೈತೆ ನಂಗೆ? ತನ್ನಿ ಇಲ್ಲಿ."

ನಿಂಗಜ್ಜಿ ಹಗ್ಗವನ್ನು ಸೊಸೆಯ ಕೈಗೆ ಕೊಟ್ಟರು. ಸಾವಿತ್ರಮ್ಮ ಹಸುವಿನ ಕೊರಳು ತಬ್ಬಿ ಹಿಡಿದರು, ಡಾಕ್ಟರು ಸೂಜಿ ಹಾಕಿದರು. ನನ್ನ ಕಣ್ಣಲ್ಲಿ ನೀರು ಬಂತು. ಅದು ಕಾಣಬಾರದೆಂದು ಹಸುವಿನ ಹಿಂದಕ್ಕೆ ಹೋಗಿ ನಿಂತೆ. ಹಸುವಿನ ಹಿಂದೆ ನಿಲ್ಲಬಾರದು ಎಂಬುದು ನಾನೇ ಊರೂರಿಗೆ ಹೇಳುತ್ತಿದ್ದ ಮಾತು. ಮೊಣಕಾಲಿಗೆ ಸರಿಯಾಗಿ ಬಿತ್ತು ಒದೆತ. ನಾನು ಕುಂಟುತ್ತಾ ಮರ ಹಿಡಿದುಕೊಂಡದ್ದನ್ನು ನೋಡಿ ಇಡೀ ಊರು ನಕ್ಕಿತು. ನಗುತ್ತಲೇ ಒಬ್ಬೊಬ್ಬರಾಗಿ ಮನೆಗೆ ಹೋದರು, ಹಸು ಹಿಡಿದುಕೊಂಡು ಬಂದರು. ಮಧ್ಯಾಹ್ನದ ಹೊತ್ತಿಗೆ ಲಸಿಕೆಯ ಪೆಟ್ಟಿಗೆ ಖಾಲಿ.

ಕೆಲವು ವಾರಗಳ ನಂತರ ಜಾಡ್ಯ ಪಕ್ಕದ ಊರಿಗೆ ಬಂತು. ಅಲ್ಲಿ ಹಸುಗಳು ಜೊಲ್ಲು ಸುರಿಸುತ್ತಾ, ಕಾಲು ಊರಲಾರದೆ ನಿಂತದ್ದನ್ನು ನೋಡಲಾಗುತ್ತಿರಲಿಲ್ಲ. ಈ ಊರಿನ ಡೈರಿಗೆ ಮಾತ್ರ ಹಾಲು ಒಂದು ಹೊತ್ತೂ ನಿಲ್ಲದೆ ಬಂತು.

ದಿವ್ಯ, ನಿನ್ನ ಹುಡುಗರಿಗೆ ಇದರಿಂದ ಏನು ಹೇಳಬೇಕೋ ನನಗೆ ಗೊತ್ತಿಲ್ಲಮ್ಮ. ಹಸುವಿನ ಚಿತ್ರ ಹಾಕುವುದಕ್ಕೆ ಮುಂಚೆ ಹಾಲು ಕರೆಯುವವರೊಬ್ಬರಿಗೆ ತೋರಿಸಿ ಎನ್ನು. ಚಪ್ಪಲಿಯ ಪಟ್ಟಿ ಬಿಗಿಯಾಗಿರಲಿ ಎನ್ನು. ಇನ್ನೊಂದು ವಿಷಯ ಇದೆ, ಅದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಲಿಲ್ಲ. ಜನ ನಂಬಿದ ಮೊದಲ ಮಾತು ಭಾಷಣ ಮುಗಿದಾಗ ಮುಗಿಯುವುದಿಲ್ಲ. ನಾನು ನಿವೃತ್ತನಾಗಿದ್ದೇನೆ, ಆ ಮಾತು ಆಗಿಲ್ಲ. ನಿಂಗಜ್ಜಿ ಆಗಾಗ ಸಾವಿತ್ರಮ್ಮನ ಕೈಯಲ್ಲಿ ಫೋನ್ ಮಾಡಿಸುತ್ತಾರೆ. ನನ್ನ ಕ್ಷೇಮ ಕೇಳುವುದಿಲ್ಲ, ಗಿರಿಜಳದ್ದು ಕೇಳುತ್ತಾರೆ; ಅವಳು ಗಟ್ಟಿಯಾಗಿರುವವರೆಗೆ ಅವರ ಹಸುವಿನ ಜೋಡಿ ಸುಳಿಗೂ ದೋಷವಿಲ್ಲ. ಗಿರಿಜಳಿಗೆ ಒಂದು ಸೀನು ಬಂದರೂ ಆ ಸುದ್ದಿ ಮಾದಿಹಳ್ಳಿ ಕಡೆಗೆ ಹೋಗದಂತೆ ನಾನು ಕಾಯುತ್ತೇನೆ. ನೀವು ನನ್ನ ಆರೋಗ್ಯ ವಿಚಾರಿಸೋದು ಆ ಹಸುಗೋಸ್ಕರ ಎಂದು ಅವಳು ನನ್ನನ್ನು ಹಂಗಿಸುತ್ತಾಳೆ.

ಹೋದ ವಾರ ಅವಳಿಗೆ ಜೋರು ಜ್ವರ. ಎದ್ದು ಕೂರಲೂ ಆಗದೆ ಕಂಬಳಿ ಹೊದ್ದು ಮಲಗಿದ್ದಳು. ಅದೇ ಹೊತ್ತಿಗೆ ಫೋನ್ ಬಂತು. ಸಾವಿತ್ರಮ್ಮ ಅತ್ತೆಯ ಕೈಗೆ ಕೊಟ್ಟರು. "ಎಡ್ತಿ ಎಂಗವ್ರೆ?" ಎಂಬ ಪ್ರಶ್ನೆ ಬಂದೇ ಬಂತು. ನನಗೆ ಸುಳ್ಳೂ ಬರಲಿಲ್ಲ, ನಿಜವೂ ಬರಲಿಲ್ಲ. ಬಾಯಿ ತೆರೆದು ನಿಂತೆ. ಶುರು ಮಾಡುವುದರಲ್ಲಿ ನಾನು ಯಾವತ್ತೂ ಹೀಗೆಯೇ.

ಗಿರಿಜ ಮಲಗಿದ್ದಲ್ಲಿಂದಲೇ ಕೈಚಾಚಿದಳು. ಫೋನ್ ಕೊಟ್ಟೆ. ಗೋಡೆ ಹಿಡಿದು ಎದ್ದು ಕೂತು, ಗಂಟಲು ಸರಿಮಾಡಿಕೊಂಡು, ದನಿ ಗಟ್ಟಿ ಮಾಡಿಕೊಂಡಳು.

"ನಾನು ಗಟ್ಟಿಯಾಗಿದೀನಿ ಅಜ್ಜಿ. ಹಸು ಹೇಗಿದೆ?"